ಸಿಇಟಿ ಸೀಟು ಸಿಕ್ಕಿದೆ: ಫೀಸಿಗೆ ಮೊದಲು ಎಸ್‌ಎಸ್‌ಪಿಯೋ, ಬ್ಯಾಂಕ್ ಸಾಲವೋ?

ಹಾವೇರಿ_ಅಣ್ಣ ಕೇಳಿದ್ದು:

ನಮಸ್ಕಾರ್ರಿ ಎಲ್ಲರಿಗೂ. ತಂಗಿಗೆ ಸಿಇಟಿ ಎರಡನೇ ಸುತ್ತಿನಲ್ಲಿ ದಾವಣಗೆರೆಯ ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಕ್ಕಿದೆ. ಸರ್ಕಾರಿ ಕೋಟಾ ಸೀಟು. ಪ್ರವರ್ಗ 2ಎ, ಆದಾಯ ಪ್ರಮಾಣಪತ್ರದಲ್ಲಿ 92,000 ಇದೆ. ಅಪ್ಪ ಟೇಲರಿಂಗ್ ಮಾಡ್ತಾರೆ, ಎರಡು ಎಕರೆ ಹೊಲ ಇದೆ. ಕೆಇಎ (ಸಿಇಟಿ ನಡೆಸೋ ಪರೀಕ್ಷಾ ಪ್ರಾಧಿಕಾರ) ಚಲನ್ ಒಂದು ಲಕ್ಷದ ಆಸುಪಾಸು ಬಂದಿದೆ. ಕಾಲೇಜಿನಲ್ಲಿ ಬೇರೆ 25,000 ಕೇಳ್ತಿದ್ದಾರೆ. ಪಿಜಿ ತಿಂಗಳಿಗೆ 6,500 ಅಂತಾರೆ.

ಕೇಳೋದು ಇಷ್ಟು:

1. ಎಸ್‌ಎಸ್‌ಪಿ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿ ಮೊದಲೋ, ಬ್ಯಾಂಕ್ ಸಾಲ ಮೊದಲೋ? ಸಾಲ ತಗೊಂಡರೆ ಸ್ಕಾಲರ್‌ಶಿಪ್ ಹೋಗುತ್ತಾ?
2. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಬರೀ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ತೊಂದರೆ ಆಗುತ್ತಾ?
3. ಪಿಎಂ ವಿದ್ಯಾಲಕ್ಷ್ಮಿ ನಮಗೆ ಬರುತ್ತಾ? ಬ್ಯಾಂಕಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

---

ನೋಡಲ್_ಮೇಜು ಉತ್ತರ:

ಮೊದಲ ಪ್ರಶ್ನೆ ಆಮೇಲೆ, ಎರಡನೆಯದು ಮೊದಲು. ಅರ್ಜಿಗಳು ಸಿಕ್ಕಿಕೊಳ್ಳೋದು ಅಲ್ಲೇ.

ಆಧಾರ್, ಎಸ್‌ಎಸ್‌ಎಲ್‌ಸಿ, ಜಾತಿ-ಆದಾಯ ಪತ್ರ, ಬ್ಯಾಂಕ್ ಖಾತೆ, ಈ ನಾಲ್ಕರಲ್ಲೂ ವಿದ್ಯಾರ್ಥಿಯ ಹೆಸರು ಒಂದೇ ಥರ ಇರಬೇಕು. ಎಸ್‌ಎಸ್‌ಎಲ್‌ಸಿ ದಾಖಲೆ ತಿದ್ದಿಸೋದು ದೊಡ್ಡ ಓಡಾಟ, ಅದನ್ನು ಮುಟ್ಟಬೇಡಿ. ಅದನ್ನೇ ಅಳತೆಗೋಲು ಮಾಡಿಕೊಂಡು ಮಿಕ್ಕ ಮೂರನ್ನು ಅದಕ್ಕೆ ಹೊಂದಿಸಿ. ಆಧಾರ್ ಕೇಂದ್ರದಲ್ಲಿ ಹೆಸರು ತಿದ್ದೋದಕ್ಕೆ ಬೋರ್ಡ್ ಅಂಕಪಟ್ಟಿಯನ್ನೇ ದಾಖಲೆಯಾಗಿ ಕೊಡಬಹುದು. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸೋಕೆ ಜೀವಮಾನಕ್ಕೆ ಎರಡೇ ಅವಕಾಶ. ಆಪರೇಟರ್ ಟೈಪ್ ಮಾಡಿದ್ದನ್ನು ತೆರೆ ಮೇಲೆ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಅಕ್ಷರ ಅಕ್ಷರ ಓದಿ, ಆಮೇಲೆ ಹೂಂ ಅನ್ನಿ. ಇನಿಷಿಯಲ್ ಹೆಸರಿನ ಹಿಂದೆಯೋ ಮುಂದೆಯೋ, ನಡುವೆ ಚುಕ್ಕಿ ಇದೆಯೋ ಇಲ್ಲವೋ, ಅದೂ ಅಂಕಪಟ್ಟಿಯಲ್ಲಿ ಇದ್ದ ಹಾಗೇ ಇರಲಿ.

ಮಾಡೋ ಕ್ರಮವೂ ಮುಖ್ಯ: ಆಧಾರ್, ಆಮೇಲೆ ನಾಡಕಚೇರಿ, ಆಮೇಲೆ ಬ್ಯಾಂಕ್ ಕೆವೈಸಿ, ಕೊನೆಗೆ ಎಸ್‌ಎಸ್‌ಪಿ. ನಾಡಕಚೇರಿ ಪತ್ರ ಮೊದಲು ಮಾಡಿಸಿ ಆಧಾರ್ ಆಮೇಲೆ ತಿದ್ದಿಸಿದರೆ ಹಳೇ ಹೆಸರಿನ ಆರ್‌ಡಿ ನಂಬರ್ (ಆ ಪತ್ರದ ಮೇಲಿರೋ ಸಂಖ್ಯೆ) ಹೊಸ ಆಧಾರ್ ಜೊತೆ ಕೂಡಲ್ಲ, ಮತ್ತೆ ನಾಡಕಚೇರಿಗೇ ಹೋಗಬೇಕು. 2ಎ ಅಂದರೆ ನಿಮ್ಮದು ಜಾತಿ-ಆದಾಯ ಒಟ್ಟಿಗೇ ಇರೋ ನಮೂನೆ-ಎಫ್ ಪತ್ರ, ಅದು 5 ವರ್ಷ ಚಾಲ್ತಿ. ಪತ್ರದ ಮೇಲಿನ ದಿನಾಂಕ ನೋಡಿ. ಪಿಯುಸಿಗೆ ಮುಂಚೆ ಮಾಡಿಸಿದ್ದರೆ ಎಂಜಿನಿಯರಿಂಗ್ ನಡುವೆ ಅದು ಮುಗಿದುಹೋಗುತ್ತೆ, ಆಗ ಹೊಸ ಆರ್‌ಡಿ ನಂಬರ್ ಇಲ್ಲದೆ ಆ ವರ್ಷದ ಅರ್ಜಿ ಮುಂದಕ್ಕೆ ಹೋಗಲ್ಲ.

ಇನ್ನು ಮೊದಲ ಪ್ರಶ್ನೆ. ಎಸ್‌ಎಸ್‌ಪಿ ದುಡ್ಡು ಫೀಸ್ ಕಟ್ಟೋಕೆ ಬರೋ ದುಡ್ಡಲ್ಲ, ಕಟ್ಟಿದ ಮೇಲೆ ಬರೋ ದುಡ್ಡು. ಎಸ್‌ಸಿ, ಎಸ್‌ಟಿ, ಪ್ರವರ್ಗ-1ರ ಮಕ್ಕಳಿಗೆ ಆದಾಯ ಮಿತಿಯೊಳಗಿದ್ದರೆ ಕೆಇಎ ಚಲನ್‌ನಲ್ಲೇ ಮೊತ್ತ ಇಳಿದಿರುತ್ತೆ. 2ಎ, 3ಎ, 3ಬಿಯವರು ಪೂರ್ತಿ ಕಟ್ಟಿ, ಆಮೇಲೆ ಹಿಂದುಳಿದ ವರ್ಗಗಳ ಇಲಾಖೆಯ ಶುಲ್ಕ ವಿನಾಯಿತಿಗೆ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಬೇಕು. ಚಲನ್‌ಗೆ ಇರೋದು ನಾಲ್ಕೈದು ದಿನ, ಎಸ್‌ಎಸ್‌ಪಿಗೆ ಹಿಡಿಯೋದು ತಿಂಗಳುಗಳು. ಹಾಗಾಗಿ ಮೊದಲ ವರ್ಷದ ಮೊತ್ತವನ್ನು ಸ್ಕಾಲರ್‌ಶಿಪ್ ಬರುತ್ತೆ ಅನ್ನೋ ಲೆಕ್ಕ ಬಿಟ್ಟು ಹೊಂದಿಸಿಕೊಳ್ಳಿ. ಶುಲ್ಕ ವಿನಾಯಿತಿಗೆ 2ಎ ಆದಾಯ ಮಿತಿ ಬಹಳ ಕಾಲ 1 ಲಕ್ಷ ಇತ್ತು, ನಿಮ್ಮ 92,000 ಅದರ ಒಳಗೇ ಬರುತ್ತೆ. ಆದರೂ ಈ ವರ್ಷದ ಪ್ರಕಟಣೆ ಒಮ್ಮೆ ಓದಿಕೊಳ್ಳಿ.

ಅರ್ಜಿಗೆ ಬೇಕಾದ್ದು: ವಿದ್ಯಾರ್ಥಿಯ ಮತ್ತು ತಂದೆ-ತಾಯಿಯ ಆಧಾರ್, ಎಸ್‌ಎಸ್‌ಎಲ್‌ಸಿ ನೋಂದಣಿ ಸಂಖ್ಯೆ, ಆರ್‌ಡಿ ನಂಬರ್, ಕಾಲೇಜಿನ ನೋಂದಣಿ ಸಂಖ್ಯೆ, ಫೀಸ್ ರಸೀದಿ, ಇ-ದೃಢೀಕರಣ ಸಂಖ್ಯೆ. ಇ-ದೃಢೀಕರಣ ಅಂದರೆ ಕಾಲೇಜಿನಲ್ಲಿ ಅದಕ್ಕೇ ನೇಮಿಸಿದ ಅಧಿಕಾರಿ ನಿಮ್ಮ ಮೂಲ ದಾಖಲೆ ನೋಡಿ ಸ್ಕ್ಯಾನ್ ಮಾಡಿ ಕೊಡೋ ನಂಬರ್. ಕೊನೇ ವಾರದಲ್ಲಿ ಆ ಮೇಜಿನ ಮುಂದೆ ಇನ್ನೂರು ಮಕ್ಕಳ ಸಾಲು ನಿಂತಿರುತ್ತೆ. ಮೊದಲ ವಾರವೇ ಮುಗಿಸಿಕೊಳ್ಳಿ.

ಮೊದಲ ವರ್ಷದವರಿಗೆ "ವಿವರ ಲಭ್ಯವಿಲ್ಲ" ಅಂತ ತೋರಿಸೋದು ಮಾಮೂಲಿ. ಯುಎಸ್‌ಎನ್ (ವಿಶ್ವವಿದ್ಯಾಲಯ ಕೊಡೋ ವಿದ್ಯಾರ್ಥಿ ಸಂಖ್ಯೆ) ಬಂದು, ವಿಶ್ವವಿದ್ಯಾಲಯ ತನ್ನ ಪಟ್ಟಿಯನ್ನು ಪೋರ್ಟಲ್‌ಗೆ ಕಳಿಸಿದ ಮೇಲೆ ಸರಿಹೋಗುತ್ತೆ. ಗಾಬರಿಯಾಗಿ ಹಳೇ ಪಿಯು ಕಾಲೇಜಿನ ವಿವರ ಹಾಕಿ ಸಲ್ಲಿಸಿಬಿಡಬೇಡಿ. ಸಲ್ಲಿಸಿದ ಅರ್ಜಿಯನ್ನು ವಾಪಸ್ ತಿದ್ದಿಸೋದು ಹೊಸದಾಗಿ ಹಾಕೋದಕ್ಕಿಂತ ಕಷ್ಟ.

ಕೋಟಾ ಕೇಳೋ ಜಾಗದಲ್ಲಿ ಸರ್ಕಾರಿ ಕೋಟಾ ಅಂತಲೇ ಆರಿಸಿ. ಸೈಬರ್ ಸೆಂಟರ್‌ನವರು ಖಾಸಗಿ ಕಾಲೇಜು ಅಂತ ಹೆಸರು ನೋಡಿದ ಕೂಡಲೇ ಮ್ಯಾನೇಜ್‌ಮೆಂಟ್ ಒತ್ತಿಬಿಡ್ತಾರೆ, ಅಲ್ಲಿಗೆ ಶುಲ್ಕ ವಿನಾಯಿತಿ ಹೋಯ್ತು.

---

ಸಾಲದ_ಕಡತ ಉತ್ತರ:

ಸಾಲ ತಗೊಂಡರೆ ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಹೋಗಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಶುಲ್ಕ ವಿನಾಯಿತಿ ಹಣ ಖಾತೆಗೆ ಬಂದ ದಿನ ಅದನ್ನು ಸಾಲದ ಖಾತೆಗೆ ತುಂಬಿಬಿಡಿ, ಅಷ್ಟೇ.

ಪಿಎಂ ವಿದ್ಯಾಲಕ್ಷ್ಮಿ ವಿಷಯದಲ್ಲಿ ಗೊಂದಲಕ್ಕೆ ಕಾರಣ ಹೆಸರು. ವಿದ್ಯಾಲಕ್ಷ್ಮಿ ಅನ್ನೋ ಪೋರ್ಟಲ್ 2015ರಿಂದ ಇದೆ. ಅದು ಬರೀ ಅರ್ಜಿ ಹಾಕೋ ಬಾಗಿಲು, ಒಂದೇ ಅರ್ಜಿಯಲ್ಲಿ ಮೂರು ಬ್ಯಾಂಕ್ ಆರಿಸಬಹುದು. ಪಿಎಂ ವಿದ್ಯಾಲಕ್ಷ್ಮಿ ಬೇರೆ, ಅದು 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ. ಎನ್‌ಐಆರ್‌ಎಫ್ (ಕೇಂದ್ರ ಸರ್ಕಾರ ಶಿಕ್ಷಣ ಸಂಸ್ಥೆಗಳಿಗೆ ಕೊಡೋ) ಶ್ರೇಯಾಂಕ ನೋಡಿ ಮಾಡಿದ ಪಟ್ಟಿಯ ಸಂಸ್ಥೆಗಳಿಗೆ ಮಾತ್ರ. ಶುರುವಿನಲ್ಲಿ ಇಡೀ ದೇಶಕ್ಕೆ 860 ಸಂಸ್ಥೆ. ತಂಗಿಯ ಕಾಲೇಜಿನ ಹೆಸರು ಆ ಪಟ್ಟಿಯಲ್ಲಿ ಇದ್ದರೆ ಜಾಮೀನು, ಅಡಮಾನ ಎರಡೂ ಕೇಳೋ ಹಾಗಿಲ್ಲ. ಕುಟುಂಬದ ಆದಾಯ 8 ಲಕ್ಷದ ಒಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3 ಬಡ್ಡಿ ರಿಯಾಯಿತಿಯೂ ಇದೆ, ಆದರೆ ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ಅಥವಾ ಬಡ್ಡಿ ಸಹಾಯಕ್ಕೆ ಅರ್ಹರಲ್ಲದವರಿಗೆ ಅನ್ನೋ ಷರತ್ತಿನ ಮೇಲೆ. ನಿಮ್ಮಂಥವರಿಗೆ ಆ ಶೇ 3 ಮುಖ್ಯವೇ ಅಲ್ಲ.

ನಿಮಗೆ ಬೇಕಾದ್ದು ಸಿಎಸ್‌ಐಎಸ್, ಅಂದರೆ ಕೇಂದ್ರದ ಬಡ್ಡಿ ಸಹಾಯಧನ ಯೋಜನೆ. ಬ್ಯಾಂಕಿನಲ್ಲಿ ಈ ಹೆಸರೇ ಹೇಳಿ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದ ಒಳಗೆ, ತಾಂತ್ರಿಕ ಅಥವಾ ವೃತ್ತಿಪರ ಕೋರ್ಸ್, ಸಂಸ್ಥೆಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇದ್ದರೆ ಓದು ಮುಗಿಯೋವರೆಗೆ ಮತ್ತು ಆಮೇಲೆ ಒಂದು ವರ್ಷ ಬಡ್ಡಿಯನ್ನು ಕೇಂದ್ರವೇ ಕಟ್ಟುತ್ತೆ. ಇದರ ನೋಡಲ್ ಬ್ಯಾಂಕ್ ನಮ್ಮ ಕೆನರಾ ಬ್ಯಾಂಕ್, ಆದರೆ ಸಾಲ ಅಲ್ಲೇ ಇರಬೇಕು ಅಂತಿಲ್ಲ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯ ಸಾಲ ಆಗಿರಬೇಕು. ಮ್ಯಾನೇಜರ್ ಬೇಗ ಆಗಲಿ ಅಂತ ಪರ್ಸನಲ್ ಲೋನ್ ಅಥವಾ ಚಿನ್ನದ ಸಾಲ ಕೊಟ್ಟರೆ ಈ ಸೌಲಭ್ಯ ಇಲ್ಲ.

ಇದರಲ್ಲಿ ಕೆಡೋದು ಎಲ್ಲಿ ಅಂದರೆ, ಆದಾಯ ಪತ್ರ ಕಡತದಲ್ಲೇ ಉಳಿದುಬಿಡುತ್ತೆ, ಶಾಖೆ ಕ್ಲೇಮ್ ಹಾಕಿರಲ್ಲ. ಸಾಲ ಮಂಜೂರಾದ ವರ್ಷವೇ ಆದಾಯ ಪತ್ರದ ಪ್ರತಿ ಕೊಟ್ಟು "ಸಿಎಸ್‌ಐಎಸ್ ಸೌಲಭ್ಯಕ್ಕಾಗಿ" ಅಂತ ಒಂದು ಪತ್ರ ಬರೆದು, ನಿಮ್ಮ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ವರ್ಷಕ್ಕೊಮ್ಮೆ ಸಾಲದ ಸ್ಟೇಟ್‌ಮೆಂಟ್ ತಗೊಂಡು ಬಡ್ಡಿ ಸಹಾಯಧನ ಜಮಾ ಆಗಿದೆಯಾ ನೋಡಿ. ಇನ್ನೊಂದು, ಓದು ನಡುವೆ ಬಿಟ್ಟರೆ ಅಥವಾ ಕಾಲೇಜಿನಿಂದ ತೆಗೆದರೆ ಸೌಲಭ್ಯ ನಿಲ್ಲುತ್ತೆ. ಇದು ಒಬ್ಬರಿಗೆ ಒಂದೇ ಸಲ: ಬಿಇಗೆ ತಗೊಂಡರೆ ಎಂಟೆಕ್‌ಗೆ ಸಿಗಲ್ಲ.

ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಕೈಯಿಂದ ಪಾಲು ಹಾಕಬೇಕಾಗಿಲ್ಲ, ಅದಕ್ಕೆ ಮೇಲೆ ದೇಶದೊಳಗಿನ ಓದಿಗೆ ಶೇ 5. ಕೇಂದ್ರದ ಖಾತರಿ ನಿಧಿಯಡಿ 7.5 ಲಕ್ಷದವರೆಗೆ ಅಡಮಾನ ಇಲ್ಲ, ಮೂರನೆಯವರ ಜಾಮೀನೂ ಇಲ್ಲ. ತಂದೆ ಅಥವಾ ತಾಯಿ ಜಂಟಿ ಸಾಲಗಾರರಾಗಿ ಸಹಿ ಹಾಕಬೇಕು. ಪ್ರೊಸೆಸಿಂಗ್ ಫೀ ಇಲ್ಲ. ಓದು ಮುಗಿದು ಒಂದು ವರ್ಷದ ಮೇಲೆ ಕಂತು ಶುರು, ತೀರಿಸೋಕೆ 15 ವರ್ಷದವರೆಗೆ ಅವಧಿ. ಹಾಸ್ಟೆಲ್ ಸಿಗದೆ ಹೊರಗೆ ಇದ್ದರೆ ಪಿಜಿ ಬಾಡಿಗೆ, ಪುಸ್ತಕ, ಲ್ಯಾಪ್‌ಟಾಪ್ ಕೂಡ ಸೇರುತ್ತೆ, ಆದರೆ ಅರ್ಜಿ ಹಾಕುವಾಗಲೇ ನಾಲ್ಕೂ ವರ್ಷದ ಖರ್ಚಿನ ಪಟ್ಟಿಯಲ್ಲಿ ಬರೆದಿರಬೇಕು. ಬರೀ ಟ್ಯೂಷನ್ ಫೀ ಬರೆದು ಮಂಜೂರು ಮಾಡಿಸಿಕೊಂಡು ಎರಡನೇ ವರ್ಷ ಲ್ಯಾಪ್‌ಟಾಪ್ ಕೇಳಿದರೆ ಮತ್ತೆ ಹೊಸ ಕಡತ.

ಬಡ್ಡಿ ಸಹಾಯ ಸಿಗದೇ ಹೋದರೆ ಏನಾಗುತ್ತೆ ಅನ್ನೋದನ್ನೂ ಅಂಕಿಯಲ್ಲೇ ನೋಡಿ. ವರ್ಷಾರಂಭಕ್ಕೆ 1 ಲಕ್ಷದ ಹಾಗೆ ನಾಲ್ಕು ಕಂತು, ಬಡ್ಡಿ ಶೇ 9.5 ಅಂದುಕೊಳ್ಳಿ. ಓದುವ ನಾಲ್ಕು ವರ್ಷ, ಮೇಲೊಂದು ವರ್ಷ, ಇಷ್ಟಕ್ಕೂ ಸರಳ ಬಡ್ಡಿ. ಮೊದಲ ಲಕ್ಷಕ್ಕೆ 5 ವರ್ಷ, ಎರಡನೆಯದಕ್ಕೆ 4, ಮೂರನೆಯದಕ್ಕೆ 3, ಕೊನೆಯದಕ್ಕೆ 2, ಒಟ್ಟು 14 ವರ್ಷದ ಬಡ್ಡಿ, 1,33,000. ಕಟ್ಟದೇ ಬಿಟ್ಟರೆ ಇದು ಅಸಲಿಗೆ ಸೇರಿ ಕಂತು ಶುರುವಾಗೋದು 5,33,000ಕ್ಕೆ. ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 6,900. ಬಡ್ಡಿಯನ್ನು ಆಗಾಗಲೇ ಕಟ್ಟಿಕೊಂಡು ಬಂದಿದ್ದರೆ ಕಂತು ಸುಮಾರು 5,180. ಮೊದಲ ವರ್ಷದಲ್ಲಿ ಆ ಬಡ್ಡಿ ತಿಂಗಳಿಗೆ 800 ರೂಪಾಯಿಯೂ ಆಗಲ್ಲ. ನಾಲ್ಕನೇ ವರ್ಷಕ್ಕೆ 3,170ರ ಹತ್ತಿರ ಹೋಗುತ್ತೆ. ಓದುವ ಕಾಲದಲ್ಲಿ ಬಡ್ಡಿ ಕಟ್ಟಿದವರಿಗೆ ದರದಲ್ಲಿ ಶೇ 1 ಕಡಿಮೆ ಮಾಡೋ ಅವಕಾಶ ಮಾದರಿ ಯೋಜನೆಯಲ್ಲೇ ಇದೆ. ಹುಡುಗಿಯರಿಗೆ ಶೇ 0.5 ರಿಯಾಯಿತಿ ಅನೇಕ ಸರ್ಕಾರಿ ಬ್ಯಾಂಕುಗಳಲ್ಲಿದೆ. ಮಂಜೂರಾತಿ ಪತ್ರದಲ್ಲಿ ಇವೆರಡೂ ಬರೆದಿದೆಯಾ ನೋಡಿಯೇ ಸಹಿ ಹಾಕಿ.

ಕೆಇಎ ಚಲನ್‌ಗೆ ಸಾಲ ಕಾಯೋಕೆ ಆಗಲ್ಲ. ನೀವೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಹಾಗೆ ಮೊದಲೇ ಕಟ್ಟಿದ್ದನ್ನು ಸಾಲದಿಂದ ವಾಪಸ್ ಕೊಡೋ ಬ್ಯಾಂಕುಗಳಿವೆ. ಎಷ್ಟು ದಿನದೊಳಗಿನ ರಸೀದಿ ಒಪ್ತೀರಿ ಅಂತ ಶಾಖೆಯಲ್ಲಿ ಕಟ್ಟುವ ಮೊದಲೇ ಕೇಳಿ. ಸೀಟು ಚಾಯ್ಸ್-1 (ಇದೇ ಸೀಟು ಸಾಕು ಅನ್ನೋ ಆಯ್ಕೆ) ಮಾಡಿ ಖಾಯಂ ಆದ ಮೇಲೆ ಅರ್ಜಿ ಹಾಕಿ. ಚಾಯ್ಸ್-2ರಲ್ಲಿ ಇದ್ದು ಮುಂದಿನ ಸುತ್ತಿನಲ್ಲಿ ಕಾಲೇಜು ಬದಲಾದರೆ ಪ್ರವೇಶ ಆದೇಶ, ಫೀಸ್ ಪಟ್ಟಿ ಎಲ್ಲ ಹೊಸದು, ಕಡತ ಮೊದಲಿಂದ.

"ನಿಮ್ಮೂರು ನಮ್ಮ ಸೇವಾ ವ್ಯಾಪ್ತಿಗೆ ಬರಲ್ಲ" ಅಂತ ಕಳಿಸಿದರೆ ಒಪ್ಪಬೇಡಿ. ಆ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದು ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ನಿರಾಕರಿಸೋದಾದರೆ ಮೇಲಧಿಕಾರಿಯ ಒಪ್ಪಿಗೆ ಪಡೆದು, ಕಾರಣ ಬರೆದು ಕೊಡಬೇಕು ಅನ್ನೋದೂ ಮಾದರಿ ಯೋಜನೆಯ ನಿಯಮ. ಬಾಯಿಮಾತಿನ "ಆಗಲ್ಲ"ಕ್ಕೆ "ಬರೆದು ಕೊಡಿ ಸರ್" ಅನ್ನಿ, ಅರ್ಧ ಸಲ ಅಲ್ಲೇ ದಾರಿ ತೆರೆಯುತ್ತೆ.

ಅಪ್ಪನ ಹೆಸರಲ್ಲಿ ಬೆಳೆಸಾಲ ಸುಸ್ತಿ ಇದ್ದರೆ ಅದನ್ನು ಮೊದಲು ನೋಡಿಕೊಳ್ಳಿ. ಸಿಬಿಲ್ ಅಂಕ (ಹಳೇ ಸಾಲ ತೀರಿಸಿದ ದಾಖಲೆಯ ಅಂಕ) ಕಡಿಮೆ ಅನ್ನೋದಷ್ಟೇ ಶಿಕ್ಷಣ ಸಾಲ ನಿರಾಕರಿಸೋಕೆ ಕಾರಣ ಆಗಬಾರದು ಅಂತ ಕೇರಳ ಹೈಕೋರ್ಟ್ 2023ರಲ್ಲಿ ಹೇಳಿದೆ, ನಿಜ. ಆದರೆ ಆ ತೀರ್ಪನ್ನು ಮೊಬೈಲ್‌ನಲ್ಲಿ ತೋರಿಸಿದರೆ ಹಾವೇರಿಯ ಶಾಖೆಯಲ್ಲಿ ಮರುದಿನ ಸಾಲ ಆಗಲ್ಲ. ಸುಸ್ತಿ ಚಿಕ್ಕದಿದ್ದರೆ ತೀರಿಸಿ ನಿರಾಕ್ಷೇಪಣಾ ಪತ್ರ ತರೋದೇ ಬೇಗ. ಇಲ್ಲದಿದ್ದರೆ ಜಂಟಿ ಸಾಲಗಾರರಾಗಿ ತಾಯಿಯನ್ನು ಹಾಕಬಹುದಾ ಕೇಳಿ.

---

ಹಾವೇರಿ_ಅಣ್ಣ:

ಭಾಳ ಉಪಕಾರ ಆತ್ರಿ ಇಬ್ಬರಿಗೂ. ಎರಡು ಸಂಶಯ. ತಂಗಿಯ ಖಾತೆ ಏಳನೇ ಕ್ಲಾಸಿನಲ್ಲಿದ್ದಾಗ ಶಾಲೆಯಿಂದ ಮಾಡಿಸಿದ್ದು, ಆಧಾರ್ ಲಿಂಕ್ ಆಗಿದೆ ಅಂತ ಪಾಸ್‌ಬುಕ್ ಮೇಲೇ ಬರೆದಿದ್ದಾರೆ. ಅದೇ ನಡೀತದಾ? ಮತ್ತೆ ಕಾಲೇಜಿನ 25,000ಕ್ಕೆ ರಸೀದಿ ಕೇಳಿದರೆ "ಆಮೇಲೆ ಕೊಡ್ತೀವಿ" ಅಂತಾರೆ.

---

ನೋಡಲ್_ಮೇಜು:

ಆ ಖಾತೆ ನಡೆಯೋದು ಅನುಮಾನ. ಬ್ಯಾಂಕಿನವರು "ಲಿಂಕ್ ಆಗಿದೆ" ಅಂದರೆ ಕೆವೈಸಿಗೆ ಆಧಾರ್ ನಂಬರ್ ತಗೊಂಡಿದ್ದಾರೆ ಅಂತ ಮಾತ್ರ ಅರ್ಥ ಇರಬಹುದು. ಸರ್ಕಾರದ ಡಿಬಿಟಿ (ನೇರ ನಗದು ವರ್ಗಾವಣೆ) ಹಣ ಖಾತೆ ನಂಬರ್ ನೋಡಿ ಬರಲ್ಲ, ಆಧಾರ್ ನಂಬರ್ ನೋಡಿ ಬರುತ್ತೆ. ಆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅನ್ನೋದು ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನಡೆಸೋ ಸಂಸ್ಥೆ) ಪಟ್ಟಿಯಲ್ಲಿರುತ್ತೆ, ಹಣ ಹೋಗೋದು ಅಲ್ಲಿಗೇ. ಒಬ್ಬರ ಆಧಾರ್‌ಗೆ ಒಂದು ಸಮಯದಲ್ಲಿ ಒಂದೇ ಬ್ಯಾಂಕ್, ಕೊನೆಗೆ ಜೋಡಿಸಿದ್ದು ಯಾವುದೋ ಅದು. ಮೊಬೈಲ್ ಅಂಗಡಿಯಲ್ಲಿ ಸಿಮ್ ತಗೊಳ್ಳುವಾಗ ಒಪ್ಪಿಗೆ ಕೇಳದೆ ಪೇಮೆಂಟ್ ಬ್ಯಾಂಕ್ ಖಾತೆ ತೆರೆದು ಜೋಡಣೆಯನ್ನು ಅತ್ತ ತಿರುಗಿಸಿದರೆ ಸ್ಕಾಲರ್‌ಶಿಪ್ ಅಲ್ಲಿಗೆ ಹೋಗಿ ಕೂತಿರುತ್ತೆ. ನೀವು ಪಾಸ್‌ಬುಕ್ ಎಂಟ್ರಿ ಹಾಕಿಸ್ತಾ ಇರ್ತೀರಿ, ಏನೂ ಕಾಣಲ್ಲ.

ನೋಡೋದು ಸುಲಭ. ಮೈಆಧಾರ್ ತಾಣಕ್ಕೆ ತಂಗಿಯ ಆಧಾರ್ ಮತ್ತು ಒಟಿಪಿ ಹಾಕಿ ಒಳಗೆ ಹೋಗಿ "ಬ್ಯಾಂಕ್ ಸೀಡಿಂಗ್ ಸ್ಟೇಟಸ್" ಒತ್ತಿ. ಬ್ಯಾಂಕಿನ ಹೆಸರು, ಜೋಡಣೆಯಾದ ದಿನಾಂಕ, "ಆ್ಯಕ್ಟಿವ್" ಅಥವಾ "ಇನ್‌ಆ್ಯಕ್ಟಿವ್" ಅಂತ ಬರುತ್ತೆ. ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಇನ್ನು ಏಳನೇ ಕ್ಲಾಸಿನ ಖಾತೆ. ಅಪ್ರಾಪ್ತರ ಖಾತೆ 18 ತುಂಬಿದ ಮೇಲೆ ಹೊಸ ಸಹಿ, ಫೋಟೊ, ಕೆವೈಸಿ ಕೊಟ್ಟು ಬದಲಿಸಬೇಕು. ಇಲ್ಲದಿದ್ದರೆ ಬ್ಯಾಂಕ್ ತಡೆ ಹಾಕಿರುತ್ತೆ. ಅದು ಪೂರ್ತಿ ಕೆವೈಸಿ ಇಲ್ಲದ ಸಣ್ಣ ಖಾತೆಯಾಗಿದ್ದರೆ ಇನ್ನೊಂದು ಪೇಚು: ಅಂಥ ಖಾತೆಯಲ್ಲಿ ಬಾಕಿ ಸಾಮಾನ್ಯವಾಗಿ 50,000 ಮೀರೋ ಹಾಗಿಲ್ಲ, ವರ್ಷದಲ್ಲಿ ಜಮಾ 1 ಲಕ್ಷ ಮೀರೋ ಹಾಗಿಲ್ಲ. ಶಾಲೆಯ ಒಂದೆರಡು ಸಾವಿರದ ಸ್ಕಾಲರ್‌ಶಿಪ್ ಬಂದಿದ್ದ ಖಾತೆ ಎಂಜಿನಿಯರಿಂಗ್ ಶುಲ್ಕದ ಮೊತ್ತ ಬಂದಾಗ ಅದನ್ನು ಹಿಂದಕ್ಕೆ ಕಳಿಸಬಹುದು. ಆಗ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಪಾವತಿ ವಿಫಲ ಅಂತ ಕಾಣುತ್ತೆ, ಕಾರಣ ಯಾರಿಗೂ ಹೊಳೆಯಲ್ಲ. ಎರಡು ತಿಂಗಳಿಗೊಮ್ಮೆಯಾದರೂ ಆ ಆ್ಯಪ್ ನೋಡ್ತಿರಿ.

ಸುಲಭದ ದಾರಿ: ಬ್ಯಾಂಕಿಗೆ ಹೋಗಿ ಪೂರ್ತಿ ಕೆವೈಸಿಯ ಉಳಿತಾಯ ಖಾತೆ ಮಾಡಿಸಿ, ಆಧಾರ್ ಜೋಡಣೆಯ ಒಪ್ಪಿಗೆ ಫಾರಂನಲ್ಲಿ ಡಿಬಿಟಿಗಾಗಿ ಅನ್ನೋ ಜಾಗಕ್ಕೆ ಗುರುತು ಹಾಕಿ ಕೊಡಿ. ಬ್ಯಾಂಕ್ ದೂರ ಇದ್ದರೆ ಅಂಚೆ ಕಚೇರಿಯಲ್ಲಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆಯೂ ಆಗುತ್ತೆ, ಬೆರಳಚ್ಚಿನಲ್ಲೇ ಮುಗಿಯುತ್ತೆ. ವಾರ ಬಿಟ್ಟು ಸೀಡಿಂಗ್ ಸ್ಟೇಟಸ್ ಮತ್ತೆ ನೋಡಿ, ಹೊಸ ಬ್ಯಾಂಕಿನ ಹೆಸರು ಬಂದ ಮೇಲೇ ಎಸ್‌ಎಸ್‌ಪಿ ಸಲ್ಲಿಸಿ.

ರಸೀದಿ ಇಲ್ಲದ 25,000 ಕಟ್ಟಬೇಡಿ. ಪ್ರವೇಶ ಆದೇಶದಲ್ಲಿ ಇಲ್ಲದ ಯಾವುದೇ ಮೊತ್ತಕ್ಕೆ ಯಾವ ಬಾಬ್ತು ಅಂತ ಬರವಣಿಗೆಯಲ್ಲಿ ಕೇಳಿ. ವಂತಿಗೆ ನಿಷೇಧದ ಕಾಯ್ದೆ ನಮ್ಮ ರಾಜ್ಯದಲ್ಲಿ 1984ರಿಂದ ಇದೆ, ಕೌಂಟರಿನಲ್ಲಿರೋರಿಗೂ ಅದು ಗೊತ್ತು. ರಸೀದಿ ಇಲ್ಲದ ದುಡ್ಡಿಗೆ ಬ್ಯಾಂಕಿನಲ್ಲೂ ಸಾಲ ಸಿಗಲ್ಲ, ಎಸ್‌ಎಸ್‌ಪಿಯಲ್ಲೂ ಲೆಕ್ಕಕ್ಕೆ ಬರಲ್ಲ. ಕೊಡಲೇಬೇಕಾಗಿ ಬಂದರೆ ಕಾಲೇಜಿನ ಖಾತೆಗೆ ಆನ್‌ಲೈನ್‌ನಲ್ಲೇ ಹಾಕಿ, ನಗದು ಬೇಡ.

---

ತುಮಕೂರು_ಅಕ್ಕ ಉತ್ತರ:

ಎಸ್‌ಎಸ್‌ಪಿ, ಬ್ಯಾಂಕ್ ಎರಡನ್ನೂ ಹೇಳಿದ್ದಾಗಿದೆ. ಯಾವುದರ ಜೊತೆ ಯಾವುದು ಕೂಡಲ್ಲ ಅನ್ನೋದು ಉಳಿದಿದೆ. ಆಮೇಲೆ ಹಣ ವಾಪಸ್ ಕಟ್ಟಿಸಿಕೊಳ್ಳೋ ತಲೆನೋವು ಇಲ್ಲಿಂದಲೇ ಶುರು.

ತಂಗಿ ಹುಡುಗಿ, ಮೊದಲ ವರ್ಷ, ಎಐಸಿಟಿಇ ಮಾನ್ಯತೆಯ ಕಾಲೇಜು. ಹಾಗಿದ್ದರೆ ಪ್ರಗತಿ ಸ್ಕಾಲರ್‌ಶಿಪ್ ಬಿಡಬೇಡಿ. ವರ್ಷಕ್ಕೆ 50,000, ಆದಾಯ ಮಿತಿ 8 ಲಕ್ಷ, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ. ಅಂಕದ ಮೇಲೆ ಆಯ್ಕೆ, ಸಂಖ್ಯೆ ಸೀಮಿತ. ಎನ್‌ಎಸ್‌ಪಿಯಲ್ಲಿ (ಕೇಂದ್ರದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿ, ಅದಕ್ಕೆ ಮೊದಲು ಒಂದು ಸಲದ ನೋಂದಣಿ, ಅದರಲ್ಲಿ ಮೊಬೈಲ್‌ನಲ್ಲಿ ಮುಖ ತೋರಿಸಿ ದೃಢೀಕರಿಸಬೇಕು. ಬೆಳಕು ಎದುರಿನಿಂದ ಬೀಳೋ ಹಾಗೆ ಕೂತು ಮಾಡಿ, ಕನ್ನಡಕ ತೆಗೆಯಿರಿ, ಇಲ್ಲದಿದ್ದರೆ ಹತ್ತು ಸಲ ತಿರಸ್ಕಾರ ಆಗುತ್ತೆ. ಅಂಗವೈಕಲ್ಯ ಶೇ 40 ಅಥವಾ ಅದಕ್ಕೆ ಮೇಲಿದ್ದವರಿಗೆ ಇದೇ ಥರದ್ದು ಸಕ್ಷಮ್.

ಎನ್‌ಎಸ್‌ಪಿಯಲ್ಲೇ ಪಿಯುಸಿಯಲ್ಲಿ ಬೋರ್ಡಿನ ಮೇಲಿನ ಶೇ 20ರೊಳಗೆ ಬಂದವರಿಗೆ ಕೇಂದ್ರೀಯ ವಲಯ ಸ್ಕಾಲರ್‌ಶಿಪ್ ಇದೆ. ಆದಾಯ 4.5 ಲಕ್ಷದ ಒಳಗೆ, ವರ್ಷಕ್ಕೆ 12,000, ಎಂಜಿನಿಯರಿಂಗ್‌ನ ನಾಲ್ಕನೇ ವರ್ಷ 20,000. ಮುಂದುವರಿಯೋಕೆ ಶೇ 50 ಅಂಕ, ಶೇ 75 ಹಾಜರಿ. ಆದರೆ ರಾಜ್ಯದ ಸ್ಕಾಲರ್‌ಶಿಪ್ ಅಥವಾ ಶುಲ್ಕ ಮರುಪಾವತಿ ಪಡೆಯೋರಿಗೆ ಇದು ಇಲ್ಲ. ಪ್ರಗತಿಗೂ ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ಕೂಡದು. ಮೊದಲು ಎಸ್‌ಎಸ್‌ಪಿಯಿಂದ ನಿಮಗೆ ಬರಬಹುದಾದ ಶುಲ್ಕ ವಿನಾಯಿತಿ ಮೊತ್ತವನ್ನು ಕಾಲೇಜಿನ ಸ್ಕಾಲರ್‌ಶಿಪ್ ವಿಭಾಗದಲ್ಲಿ ಕೇಳಿ, ಹಿಂದಿನ ವರ್ಷ 2ಎ ಮಕ್ಕಳಿಗೆ ಎಷ್ಟು ಬಂತು ಅಂತ. ಅದು 12,000ಕ್ಕಿಂತ ಹೆಚ್ಚಿದ್ದರೆ ಕೇಂದ್ರೀಯ ವಲಯದ್ದನ್ನು ಮುಟ್ಟಬೇಡಿ. ಪ್ರಗತಿಯ 50,000ದ ಜೊತೆ ಹೋಲಿಸೋದು ಆಮೇಲಿನ ಮಾತು, ಆದರೆ ಎರಡೂ ಕಡೆಯ ಹಣ ಇಟ್ಟುಕೊಳ್ಳೋ ಹಾಗಿಲ್ಲ.

ಪಿಜಿಗೆ 6,500 ಅಂದಿರಿ. ಹತ್ತು ತಿಂಗಳಿಗೆ 65,000. ವಿದ್ಯಾಸಿರಿಯಲ್ಲಿ (ರಾಜ್ಯದ ಊಟ-ವಸತಿ ಸಹಾಯಧನ) ಬಹಳ ಕಾಲ ಸಿಕ್ಕಿದ್ದು ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000. ಹಾಗಾಗಿ ಮೊದಲು ದಾವಣಗೆರೆಯ ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆಯ) ಹಾಸ್ಟೆಲ್‌ಗೆ ರಾಜ್ಯ ಹಾಸ್ಟೆಲ್ ಪೋರ್ಟಲ್‌ನಲ್ಲಿ ಹಾಕಿ. ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ, ಎರಡೂ ಒಟ್ಟಿಗೆ ಇಲ್ಲ. ಊಟ, ವಸತಿ ಎರಡೂ ಅಲ್ಲೇ ಆಗೋವಾಗ ಹಾಸ್ಟೆಲ್ ಬಿಟ್ಟು 1,500ಕ್ಕೆ ಕೈಚಾಚೋರು ಇದ್ದಾರೆ, ನನಗಂತೂ ಆ ಲೆಕ್ಕ ಅರ್ಥ ಆಗಲ್ಲ.

ಅರಿವು ಸಾಲವನ್ನು ಬ್ಯಾಂಕಿಗಿಂತ ಮೊದಲು ನೋಡಿ. ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದಿಂದ ವರ್ಷಕ್ಕೆ ಗರಿಷ್ಠ 1 ಲಕ್ಷ, ಬಡ್ಡಿ ಶೇ 2. ಆದರೆ 2ಎ ಅಂತ ಕಣ್ಣುಮುಚ್ಚಿ ಅಲ್ಲಿಗೇ ಹಾಕಬೇಡಿ. ವಿಶ್ವಕರ್ಮ, ಮಡಿವಾಳ, ಸವಿತಾ ಸಮಾಜ ಹೀಗೆ ಕೆಲವಕ್ಕೆ ಸ್ವಂತ ನಿಗಮಗಳಿವೆ. ನಿಮ್ಮ ಸಮುದಾಯಕ್ಕೆ ಬೇರೆ ನಿಗಮ ಇದ್ದರೆ ಅರಸು ನಿಗಮದಲ್ಲಿ ಅರ್ಜಿ ತಿರಸ್ಕಾರ ಆಗುತ್ತೆ, ಅಷ್ಟರಲ್ಲಿ ನಿಮ್ಮ ನಿಗಮದ ಕೊನೇ ದಿನಾಂಕ ದಾಟಿರುತ್ತೆ. ಅಲ್ಪಸಂಖ್ಯಾತರಿಗೆ ಅರಿವು ಕೊಡೋದು ಕೆಎಂಡಿಸಿ (ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ).

ಎರಡು ಎಕರೆ ಹೊಲ ಅಂದಿರಲ್ಲ, ಪಹಣಿ ಯಾರ ಹೆಸರಲ್ಲಿದೆ? ರೈತರ ಮಕ್ಕಳ ಸ್ಕಾಲರ್‌ಶಿಪ್ ರೈತ ವಿದ್ಯಾನಿಧಿ 2021ರಲ್ಲಿ ಶುರುವಾದಾಗ ಎಂಜಿನಿಯರಿಂಗ್‌ಗೆ ಹುಡುಗರಿಗೆ 10,000, ಹುಡುಗಿಯರಿಗೆ 11,000 ಇಟ್ಟಿದ್ದರು. ಅಪ್ಪನಿಗೆ ಫ್ರೂಟ್ಸ್ ಅನ್ನೋ ರೈತರ ನೋಂದಣಿ ತಂತ್ರಾಂಶದ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಬೇಕು. ಹೊಲ ಇನ್ನೂ ಅಜ್ಜನ ಹೆಸರಲ್ಲೇ ಇದ್ದರೆ ಅಪ್ಪನ ಹೆಸರಲ್ಲಿ ಜಮೀನು ತೋರಿಸಲ್ಲ, ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡೋದು) ಆಗಲೇಬೇಕು. ಅದು ಈ ವರ್ಷಕ್ಕೆ ಮುಗಿಯೋ ಕೆಲಸ ಅಲ್ಲ, ಆದರೂ ಅರ್ಜಿ ಕೊಟ್ಟಿಡಿ, ಇನ್ನೂ ಮೂರು ವರ್ಷ ಇದೆ.

ಮುಂದಿನ ವರ್ಷ ಸಿಇಟಿ ಬರೆಯೋ ಮಕ್ಕಳು ಇದನ್ನು ಓದ್ತಿದ್ದರೆ: ಅರ್ಜಿಯಲ್ಲಿ ಎಸ್‌ಎನ್‌ಕ್ಯು ಅನ್ನೋ ಆಯ್ಕೆ ಬರುತ್ತೆ. ಕುಟುಂಬದ ಆದಾಯ 8 ಲಕ್ಷದ ಒಳಗಿದ್ದರೆ ಅದಕ್ಕೆ ಹೌದು ಅನ್ನಿ. ಪ್ರತಿ ಕೋರ್ಸಿನಲ್ಲಿ ಶೇ 5ರಷ್ಟು ಹೆಚ್ಚುವರಿ ಸೀಟು, ಬೋಧನಾ ಶುಲ್ಕವೇ ಇಲ್ಲ, ಯಾವ ಜಾತಿಯವರಿಗಾದರೂ. ಆ ಸೀಟು ತಗೊಂಡ ಮೇಲೆ ಕಾಲೇಜು, ಶಾಖೆ ಬದಲಿಸೋಕೆ ಆಗಲ್ಲ ಅನ್ನೋದು ಅದರ ಬೆಲೆ.

---

ಮಂಡ್ಯ_ಮಾವ:

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಅಕ್ಕನ ಮಗಂದು ಮ್ಯಾನೇಜ್‌ಮೆಂಟ್ ಕೋಟಾ. ಅವನಿಗೆ ಇದ್ರಲ್ಲಿ ಏನಾದ್ರೂ ಸಿಕ್ತದಾ?

ಸಾಲದ_ಕಡತ:

ಶುಲ್ಕ ವಿನಾಯಿತಿ ಇಲ್ಲ. ಸಾಲ ಕೊಡೋದು ಬ್ಯಾಂಕಿನ ವಿವೇಚನೆ. ಕೊಟ್ಟರೂ ಅಂಥ ಸೀಟಿಗೆ ಸರ್ಕಾರ ಅಥವಾ ನಿಯಂತ್ರಣ ಸಮಿತಿ ಒಪ್ಪಿದ ಶುಲ್ಕವನ್ನಷ್ಟೇ ಲೆಕ್ಕಕ್ಕೆ ತಗೊಳ್ತಾರೆ, ಡೊನೇಷನ್ ಸೇರಲ್ಲ. ಕಾಲೇಜಿನಿಂದ ಲೆಟರ್‌ಹೆಡ್ ಮೇಲೆ ನಾಲ್ಕು ವರ್ಷದ ಫೀಸ್ ವಿವರ ತನ್ನಿ, ಅದರಲ್ಲಿರೋದು ಮಾತ್ರ ಸಾಲಕ್ಕೆ ಅರ್ಹ. 7.5 ಲಕ್ಷ ದಾಟಿದರೆ ಅಡಮಾನ ಕೇಳ್ತಾರೆ, ಮನೆಯ ಇ-ಸ್ವತ್ತು (ಪಂಚಾಯಿತಿಯ ಗಣಕೀಕೃತ ಆಸ್ತಿ ದಾಖಲೆ) ಈಗಲೇ ಮಾಡಿಸಿಡಿ. ಗ್ರಾಮ ಪಂಚಾಯಿತಿಯ ಹಳೇ ಕೈಬರಹದ ಖಾತೆ ಉತಾರವನ್ನು ಬ್ಯಾಂಕಿನ ವಕೀಲರು ಒಪ್ಪಲ್ಲ.

---

ಹಾವೇರಿ_ಅಣ್ಣ:

ಮೈಆಧಾರ್‌ನಲ್ಲಿ ನೋಡಿದೆ, "ಇನ್‌ಆ್ಯಕ್ಟಿವ್" ಅಂತ ಬಂತು! ನಾಳೆ ಮೊದಲು ಆಧಾರ್ ಕೇಂದ್ರ, ಹೆಸರು ಸರಿಯಾದ ಮೇಲೆ ಹೊಸ ಖಾತೆ. ಪಹಣಿ ಅಜ್ಜನ ಹೆಸರಲ್ಲೇ ಇದೆ, ಅಕ್ಕ. ಒಂದು ಕೊನೇ ಮಾತು, ಎರಡನೇ ವರ್ಷಕ್ಕೆ ಇದೆಲ್ಲ ತಾನಾಗೇ ಮುಂದುವರಿತದಾ?

ನೋಡಲ್_ಮೇಜು:

ಇಲ್ಲ. ಎಸ್‌ಎಸ್‌ಪಿ ಪ್ರತಿ ವರ್ಷ ಹೊಸ ಅರ್ಜಿ, ಹೊಸ ಇ-ದೃಢೀಕರಣ. ಬ್ಯಾಂಕಿಗೂ ಪ್ರತಿ ವರ್ಷ ಹಿಂದಿನ ಸೆಮಿಸ್ಟರ್‌ಗಳ ಅಂಕಪಟ್ಟಿ ಮತ್ತು ಕಾಲೇಜಿನ ಫೀಸ್ ಪತ್ರ ಕೊಟ್ಟರೆ ಮಾತ್ರ ಮುಂದಿನ ಕಂತು ಬಿಡ್ತಾರೆ. ಫೀಸಿನ ಕೊನೇ ದಿನಕ್ಕೆ ಮೂರು ವಾರ ಮುಂಚೆ ಕೊಡಿ.

ಮತ್ತೆ, ಕೌಂಟರಿನಲ್ಲಿ ಕೊಟ್ಟ ರಸೀದಿ ಬಸ್ ಟಿಕೆಟಿನ ಥರ ನುಣುಪು ಕಾಗದದ್ದಾಗಿದ್ದರೆ ಇವತ್ತೇ ಎರಡು ಝೆರಾಕ್ಸ್ ಮಾಡಿಸಿ. ಎಸ್‌ಎಸ್‌ಪಿ ತೆರೆಯೋ ಹೊತ್ತಿಗೆ ಅದರ ಮೇಲಿನ ಅಕ್ಷರ ಮಾಸಿರುತ್ತೆ.